ಡಬ್ಬಿ ಹಿಡಿದು ಬರುವ ಅತಿಥಿಗೆ

ಮಡಿಕೇರಿ,
ಕಕ್ಕಡ ತಿಂಗಳು

ಸಾಗರದಾಚೆಯ ಜೇಡಪ್ರಿಯ ಮಹಾಶಯರೇ,

ನಾವಿಲ್ಲಿ ಕ್ಷೇಮ. ಹನ್ನೊಂದು ದಿನದಿಂದ ಮಳೆ ಬಿಟ್ಟಿಲ್ಲ, ನಾಲ್ಕು ದಿನದಿಂದ ಕರೆಂಟಿಲ್ಲ. ಇದನ್ನೂ ನಾವು ಕ್ಷೇಮ ಎಂದೇ ಕರೆಯುತ್ತೇವೆ. ನಿಮ್ಮ ಕ್ಷೇಮವನ್ನೂ, ನಿಮ್ಮ ಕಪಾಟಿನ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ನೆಲೆಸಿರುವ ನಮ್ಮ ಕಡೆಯವರ ಕ್ಷೇಮವನ್ನೂ ವಿಚಾರಿಸೋಣವೆಂದು ಈ ಪತ್ರ.

ಮೊದಲು ನಿಮಗೊಂದು ಕೃತಜ್ಞತೆ ಸಲ್ಲಬೇಕು. ನಮ್ಮ ತೋಟದ ಉಗ್ರಾಣದ ಹಿಂದೆ ಒಂದು ಮುದಿ ಹಲಸಿನ ಮರವಿದೆ. ಅದರ ಪೊಟರೆಯಲ್ಲಿ ಅಂಗೈಯಗಲದ ಜೇಡ ಒಂದಿದೆ. ಮೈತುಂಬ ರೋಮ, ಕಾಲಿಗೆಲ್ಲ ಪಟ್ಟೆ. ಮೂರು ತಲೆಮಾರಿನಿಂದ ಈ ತೋಟದಲ್ಲಿದ್ದೂ ನಮ್ಮ ಮನೆಯವರು ಅದಕ್ಕೊಂದು ಹೆಸರು ಕೊಟ್ಟಿಲ್ಲ. ಕಂಡರೆ "ಅಯ್ಯಪ್ಪಾ" ಅನ್ನುತ್ತೇವೆ, ಆಮೇಲೆ ಚಪ್ಪಲಿ ಹುಡುಕುತ್ತೇವೆ. ಪೊಟರೆಗೆ ನೀರು ನುಗ್ಗಿದ ರಾತ್ರಿ ಅದು ಕೂಲಿಯವರ ಲೈನ್ ಮನೆಯ ಗೋಡೆ ಹತ್ತಿತೋ, ಅಲ್ಲಿಗೆ ಅದರ ಕಥೆ ಮುಗಿಯಿತು. ನೀವಾದರೋ ಅದರ ಬಂಧುಬಳಗಕ್ಕೆ ಹೊತ್ತುಹೊತ್ತಿಗೆ ಮಿಡತೆ ಬಡಿಸಿ, ಸೆಖೆ ತೇವ ಅಳೆದು, ಪೊರೆ ಕಳಚಿದ ತಾರೀಖನ್ನು ಪುಸ್ತಕದಲ್ಲಿ ಬರೆದಿಡುತ್ತೀರಂತೆ. ನಾನು ಹುಟ್ಟಿದ ತಾರೀಖನ್ನು ನಮ್ಮ ತಾತ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿದ್ದರು. ಸುಣ್ಣ ಬಳಿದಾಗ ಹೋಯಿತು.

ಈ ಜೇಡ ಯಾವ ಜಾತಿಯದೆಂದು ಇಲ್ಲಿ ಬರೆಯುವುದಿಲ್ಲ. ತೋಟದ ಹೆಸರೂ ಹೇಳುವುದಿಲ್ಲ. ಹೇಳಿದರೆ ನೀವು ವಿಮಾನ ಹತ್ತುತ್ತೀರಿ.

ಹೆಸರು ಇಡುವ ವಿಷಯದಲ್ಲಿ ನಿಮ್ಮ ಕಡೆಯವರು ಮೊದಲಿನಿಂದಲೂ ಚುರುಕು. ಲಂಡನ್ನಿನ ಮ್ಯೂಸಿಯಮ್ಮಿನಲ್ಲಿ ಕೂತು ಪೊಕಾಕ್ ಎಂಬ ವಿದ್ವಾಂಸರು 1895ರಲ್ಲೇ ನಮ್ಮ ಕಡೆಯ ಒಂದು ಮರಜೇಡಕ್ಕೆ 'ಪೀಸಿಲೋಥೀರಿಯಾ ಸ್ಟ್ರಯಾಟಾ' ಎಂದು ನಾಮಕರಣ ಮಾಡಿದರು. ನಿಮ್ಮ ಪೇಟೆಯಲ್ಲಿ ಅದು 'ಮೈಸೂರ್ ಆರ್ನಮೆಂಟಲ್', ಅಂದರೆ ಮೈಸೂರಿನ ಒಡವೆ. ಮೈಸೂರು ರೇಷ್ಮೆ, ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಮ್ಮ ಕೊಡಗಿನ ಕಿತ್ತಳೆ, ಇವಕ್ಕೆಲ್ಲ ಜಿಐ ಮುದ್ರೆ ಹಾಕಿಸಲು ಎಷ್ಟು ಅರ್ಜಿ, ಎಷ್ಟು ಓಡಾಟ! ಈ ಜೇಡ ಮಾತ್ರ ಅರ್ಜಿಯಿಲ್ಲದೆ ಮೈಸೂರಿನ ಹೆಸರು ಹೊತ್ತು ದೇಶಾಂತರ ಹೋಯಿತು. ಪೀಸಿಲೋಥೀರಿಯಾ ಕುಲದ್ದು ಸುಮಾರು ಹದಿನೈದು ಜಾತಿ. ಭಾರತ, ಶ್ರೀಲಂಕಾ ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಿನಲ್ಲೂ ಅವು ಇಲ್ಲ. ಕಾಡಿನಲ್ಲಿ ಅಂದೆ, ಮಲಗುವ ಕೋಣೆಗಳ ಲೆಕ್ಕ ನಿಮಗೇ ಗೊತ್ತು.

ಬಳ್ಳಾರಿಯಿಂದ ಆಚೆ ಗಡಿ ದಾಟಿದರೆ ಗುತ್ತಿ ಸಿಗುತ್ತದೆ. ನಮ್ಮ ಮಂದಿಗೆ ಗುತ್ತಿ ಎಂದರೆ ಕೋಟೆ, ನಿಮಗೆ ನೀಲಿ ಜೇಡ. ಅಲ್ಲಿಯ ರೈಲ್ವೆ ಮರದ ಡಿಪೋದಲ್ಲಿ ಸಿಕ್ಕ ಒಂದೇ ಒಂದು ಜೇಡವನ್ನು ನೋಡಿ 1899ರಲ್ಲಿ ಅದೇ ಪೊಕಾಕ್ 'ಪೀಸಿಲೋಥೀರಿಯಾ ಮೆಟಾಲಿಕಾ' ಎಂದು ಬರೆದಿಟ್ಟರು. ಆಮೇಲೆ ನೂರು ವರ್ಷ ಅದರ ಸುದ್ದಿಯಿಲ್ಲ. 2001ರಲ್ಲಿ ನಂದ್ಯಾಲ–ಗಿದ್ದಲೂರು ನಡುವಿನ ಕಾಡಿನಲ್ಲಿ ಮತ್ತೆ ಕಂಡಿತು. ಬಹುಶಃ ಹಿಂದೆಯೂ ಅಲ್ಲಿಂದಲೇ ದಿಮ್ಮಿಗಳ ಜತೆ ರೈಲು ಹತ್ತಿ ಗುತ್ತಿಗೆ ಬಂದಿತ್ತು; ಟಿಕೆಟಿಲ್ಲದ ಮೊದಲ ಪ್ರಯಾಣ ಅದೇ. ನೂರು ಚದರ ಕಿಲೋಮೀಟರಿಗೂ ಕಡಿಮೆ ಜಾಗದಲ್ಲಿ ಬದುಕುವ ಪ್ರಾಣಿಯೆಂದು 2008ರಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಅದನ್ನು ಅಳಿವಿನ ಅಂಚಿನ ಕಟ್ಟಕಡೆಯ ಪಟ್ಟಿಗೆ ಸೇರಿಸಿತು. ಅಷ್ಟು ಹೊತ್ತಿಗೆ ಅದರ ಮರಿಗಳು ನಿಮ್ಮ ಬೆಲೆಪಟ್ಟಿಗೆ ಸೇರಿದ್ದವು. ನಮ್ಮ ಸಂಶೋಧಕರು ಕಾಡು ಅಲೆದು ಪ್ರಬಂಧ ಬರೆದರೆ, ಅದನ್ನು ಕೊನೆಯ ಪುಟದವರೆಗೆ, ನಕಾಶೆಯ ಸಮೇತ, ಶ್ರದ್ಧೆಯಿಂದ ಓದುವವರು ನೀವು. ನಮ್ಮ ವಿಶ್ವವಿದ್ಯಾಲಯಗಳಿಗೆ ಇಂಥ ಓದುಗರು ಎಲ್ಲಿ ಸಿಗಬೇಕು?

ಮಲೇಷ್ಯಾದ ಸರವಾಕ್ ಕಾಡಿನ ನೀಲಿಕಾಲಿನ ಜೇಡದ ವಿಷಯವನ್ನೂ 2019ರಲ್ಲಿ ಓದಿ ಬೆರಗಾದೆ. ಅಲ್ಲಿಯ ಅರಣ್ಯ ಇಲಾಖೆ ಅದನ್ನು ಹಿಡಿಯಲು ನಾವು ಪರವಾನಗಿ ಕೊಟ್ಟೇ ಇಲ್ಲ ಎಂದಿತು. ಜೇಡ ಹೇಗೋ ಯುರೋಪು ತಲುಪಿತ್ತು, ವೈಜ್ಞಾನಿಕ ಹೆಸರೂ ಸಿಕ್ಕಿತ್ತು: ಹಿಡಿದು ತಂದವರ ಮೂವರು ಮಕ್ಕಳ ಹೆಸರು ಸೇರಿಸಿ ಹೊಸೆದ ಹೆಸರು. ಮಕ್ಕಳ ಹೆಸರಿನಲ್ಲಿ ಸೈಟು ತೆಗೆದಿಡುವುದನ್ನು ಮಾತ್ರ ನಾವು ಬಲ್ಲೆವು.

ಇನ್ನು ಕಾನೂನು. 1972ರ ನಮ್ಮ ವನ್ಯಜೀವಿ ಕಾಯಿದೆಯ ಪಟ್ಟಿಗಳಲ್ಲಿ ಚಿಟ್ಟೆಗಳಿಗೆ ಜಾಗವಿತ್ತು, ಈ ಜೇಡಗಳಿಗೆ ಇರಲಿಲ್ಲ. ಪೀಸಿಲೋಥೀರಿಯಾವನ್ನು ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದೊಳಗೆ ತರಬೇಕೆಂದು 2000ದ ನೈರೋಬಿ ಸಭೆಯಲ್ಲೇ ಶ್ರೀಲಂಕಾ, ಅಮೆರಿಕ ಕೇಳಿದ್ದವು, ಪ್ರಸ್ತಾವ ವಾಪಸಾಯಿತು. ಒಪ್ಪಿಗೆ ಸಿಕ್ಕಿದ್ದು 2019ರ ಆಗಸ್ಟಿನಲ್ಲಿ, ಜಿನೀವಾದಲ್ಲಿ. ಈಗ ಅದು ಎರಡನೆಯ ಅನುಬಂಧದಲ್ಲಿದೆ. ಕಾಗದಪತ್ರವಿಲ್ಲದೆ ಗಡಿ ದಾಟುವಂತಿಲ್ಲ. ತಿದ್ದುಪಡಿಯಾದ ನಮ್ಮ ಕಾಯಿದೆ 2023ರ ಏಪ್ರಿಲ್ 1ರಿಂದ ಜಾರಿಯಾಗಿ, ಸೈಟಿಸ್ ಪಟ್ಟಿಯ ಜೀವಿಗಳಿಗೆ ಇಲ್ಲೂ ಒಂದು ಅನುಸೂಚಿ ಬಂದಿದೆ. ಏಪ್ರಿಲ್ ಒಂದನ್ನೇ ಯಾಕೆ ಆರಿಸಿದರೋ.

ಹಾಗೆಂದು ನೀವು ಗಾಬರಿಯಾಗಬೇಕಿಲ್ಲ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ ಜೇಡ–ಚೇಳುಗಳ ವರ್ಗದ 1,264 ಜಾತಿಗಳು ಮಾರಾಟದಲ್ಲಿವೆ ಎಂದು ಎಣಿಸಿತ್ತು. ಅಂತರರಾಷ್ಟ್ರೀಯ ಕಟ್ಟುಪಾಡು ಇದ್ದದ್ದು ಅದರಲ್ಲಿ ನೂರಕ್ಕೆ ಸುಮಾರು ಎರಡಕ್ಕೆ ಮಾತ್ರ. ಪೀಸಿಲೋಥೀರಿಯಾ ಬಾಗಿಲು ಮುಚ್ಚಿದರೆ ಪಶ್ಚಿಮಘಟ್ಟದಲ್ಲಿ ಬಿಲ ತೋಡಿಕೊಂಡಿರುವ ಥ್ರಿಗ್ಮೋಪಿಯಸ್ ಇದೆ. ಅದಕ್ಕೆ ಸೈಟಿಸ್ ರಗಳೆಯಿಲ್ಲ.

ನಿಮ್ಮ ಭಾಷೆಯಲ್ಲಿ 'ಡಬ್ಲ್ಯೂ.ಸಿ.' ಎಂದರೆ ಕಾಡಿನಿಂದ ಹಿಡಿದದ್ದು, 'ಸಿ.ಬಿ.' ಎಂದರೆ ಡಬ್ಬಿಯಲ್ಲಿ ಹುಟ್ಟಿದ್ದು. (ನಮ್ಮ ಹೋಂಸ್ಟೇಗಳಲ್ಲಿ ಡಬ್ಲ್ಯೂ.ಸಿ. ಎಂದರೆ ಬೇರೆಯೇ, ಬಂದು ಕೇಳುವಾಗ ಎಚ್ಚರ.) ನಮ್ಮದೆಲ್ಲ ಸಿ.ಬಿ. ಎಂದು ನೀವು ಎದೆ ತಟ್ಟಿಕೊಳ್ಳುತ್ತೀರಿ. ನಿಜವಿರಬಹುದು. ಪೋಲೆಂಡಿನಲ್ಲೋ ಜರ್ಮನಿಯಲ್ಲೋ ಹುಟ್ಟಿದ ಈ ಮೈಸೂರಿನ ಮೊಮ್ಮಕ್ಕಳಿಗೆ ಜನನ ಪತ್ರವೂ ಇರಬಹುದು. ಅಜ್ಜಿ ಯಾವ ವೀಸಾದಲ್ಲಿ ಬಂದಳು ಎಂದು ಮಾತ್ರ ಯಾರೂ ಕೇಳಬಾರದು. ನಮ್ಮ ಎನ್‌ಆರ್‌ಐ ಮನೆಗಳಲ್ಲೂ ಕೆಲವು ಪ್ರಶ್ನೆ ಕೇಳುವಂತಿಲ್ಲ, ಅರ್ಥವಾಗುತ್ತದೆ.

ವ್ಯಾಪಾರ ಒಂದೇ ದಿಕ್ಕಿನದು ಎಂದುಕೊಂಡಿದ್ದೆ, ಅದೂ ತಪ್ಪಾಯಿತು. 2021ರ ಜುಲೈಯಲ್ಲಿ ಚೆನ್ನೈ ಕಸ್ಟಮ್ಸ್‌ನವರು ಪೋಲೆಂಡಿನಿಂದ ತಮಿಳುನಾಡಿನ ವಿಳಾಸಕ್ಕೆ ಬಂದ ಪಾರ್ಸೆಲ್ ಬಿಚ್ಚಿದರೆ ಒಳಗೆ ಹತ್ತಿ, ಬೆಳ್ಳಿಹಾಳೆ ಸುತ್ತಿದ ಪುಟ್ಟ ಸೀಸೆಗಳು. ಸೀಸೆಗಳಲ್ಲಿ 107 ಜೀವಂತ ಜೇಡಗಳು, ಮೆಕ್ಸಿಕೋ ಮೂಲದ ಬ್ರಾಕಿಪೆಲ್ಮಾ ಕೂಡ. ಆಮದು ಪರವಾನಗಿ ಇರಲಿಲ್ಲ. ಅಂಚೆಯವರ ಕೈಗೆ ಕೊಟ್ಟು ಪೋಲೆಂಡಿಗೇ ವಾಪಸ್ ಕಳಿಸಲು ಹೇಳಿದರು. ನಮ್ಮ ಹಿತ್ತಲಿನದನ್ನು ಚಪ್ಪಲಿಯಿಂದ ಹೊಡೆದು, ಮೆಕ್ಸಿಕೋದ್ದನ್ನು ಪೋಲೆಂಡಿನಿಂದ ತರಿಸುವ ದೇಶ ನಮ್ಮದು. ಹಿತ್ತಲ ಗಿಡ ಮದ್ದಲ್ಲ. ಹಿತ್ತಲ ಜೇಡವೂ ಸಾಕುವುದಕ್ಕಲ್ಲ.

ನಿಮ್ಮ ವಾದ ನನಗೆ ಗೊತ್ತು. "ಕಾಡು ಕಡಿಯುವವರು ನೀವು. ನಮ್ಮ ಡಬ್ಬಿಯಲ್ಲಾದರೂ ಉಳಿಯಲಿ" ಅನ್ನುತ್ತೀರಿ. ಎರಡನೆಯ ಮಾತಿಗೆ ಉತ್ತರವಿದೆ. ಗಂಡು ಪ್ರಾಯಕ್ಕೆ ಬಂದ ಮೇಲೆ ಹೆಚ್ಚು ದಿನ ಬಾಳುವುದಿಲ್ಲ. ಹೆಣ್ಣು ಹತ್ತು ಹನ್ನೆರಡು ವರ್ಷ ಬದುಕಿ ಮರಿ ಮಾಡುತ್ತದೆ. ಹಿಡಿಯುವವನ ಕಣ್ಣು ಅವಳ ಮೇಲೇ. ತೊಗಟೆ ಕಿತ್ತು, ಪೊಟರೆ ಕೆದಕಿ ಅವಳನ್ನು ಎಳೆದರೆ ಮನೆಯೂ ಹೋಯಿತು, ಸಂತತಿಯೂ ಹೋಯಿತು. ನಿಮ್ಮ ಡಬ್ಬಿಯಲ್ಲಿ ಉಳಿದದ್ದು ನಮ್ಮ ಹಲಸಿನಲ್ಲಿ ಉಳಿದ ಹಾಗಲ್ಲ.

ಮೊದಲನೆಯ ಮಾತಿಗೆ ಮಾತ್ರ ನಾನು ತಲೆ ತಗ್ಗಿಸಬೇಕು. ನಮ್ಮ ತೋಟಗಳಲ್ಲಿ ಕಾಫಿಗೆ ನೆರಳು ಕೊಡುತ್ತಿದ್ದ ಹಳೆಯ ಕಾಡುಮರಗಳ ಜಾಗಕ್ಕೆ ಸಿಲ್ವರ್ ಓಕ್ ಬಂದಿದೆ, ಆಸ್ಟ್ರೇಲಿಯಾದ ಮರ. ಬೇಗ ಬೆಳೆಯುತ್ತದೆ, ನೆಟ್ಟಗೆ ನಿಲ್ಲುತ್ತದೆ, ಕರಿಮೆಣಸಿನ ಬಳ್ಳಿಗೂ ಆಗುತ್ತದೆ. ಎಲ್ಲಕ್ಕಿಂತ ಮುಖ್ಯ, ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಡ. ನಮ್ಮದೇ ಮರಗಳಿಗೆ ಬೇಕು. ಕಾಯಲೆಂದೇ ಮಾಡಿದ ಕಾನೂನು ಅದು. ಹಾಗಾಗಿ ಅವುಗಳನ್ನು ಮತ್ತೆ ನೆಡುವವರೇ ಇಲ್ಲ. ಸಿಲ್ವರ್ ಓಕ್ ಪೊಟರೆ ಬೀಳುವಷ್ಟು ವಯಸ್ಸಾಗುವ ಮೊದಲೇ ಲಾರಿ ಹತ್ತುತ್ತದೆ. ಒಂದು ಜೇಡವನ್ನು ಡಬ್ಬಿಯಲ್ಲಿಟ್ಟು ಗಡಿ ದಾಟಿಸಿದರೆ ನೀವು ಅಪರಾಧಿ. ನೂರು ಜೇಡಗಳ ಮನೆ ಇಲ್ಲದಂತೆ ಮಾಡಿದ ನಾನು ಪ್ರಗತಿಪರ ಬೆಳೆಗಾರ. ಜಿಲ್ಲೆಯಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿ ಮುದಿಮರಗಳು ನಿಂತಿರುವುದು ನನ್ನಿಂದಲ್ಲ, ದೇವರ ಭಯದಿಂದ.

ಬನ್ನಿ, ಬೇಡವೆನ್ನುವುದಿಲ್ಲ. ಕಡಂಬುಟ್ಟು, ಪಂದಿಕರಿ ಇದೆ. ಕಕ್ಕಡ ಹದಿನೆಂಟಕ್ಕೆ ಬಂದರೆ ಮದ್ದುಸೊಪ್ಪಿನ ಪಾಯಸವೂ ಉಂಟು. ಟಾರ್ಚು ತನ್ನಿ, ಕ್ಯಾಮೆರಾ ತನ್ನಿ, ಡಬ್ಬಿ ಮನೆಯಲ್ಲಿಟ್ಟು ಬನ್ನಿ. ಪೊಟರೆಗೆ ಕೈ ಹಾಕಬೇಡಿ. ಈ ಕುಲದ್ದು ಕಚ್ಚಿದರೆ ಸಾಯುವುದಿಲ್ಲ, ಆದರೆ ಸ್ನಾಯು ಸೆಳೆತ ದಿನಗಟ್ಟಲೆ ಕಾಡುತ್ತದೆ.

ಇತಿ ನಿಮ್ಮ ವಿಶ್ವಾಸಿ,
ಹೆಸರು ಹೇಳದ ಒಬ್ಬ ತೋಟಗಾರ

ವಿ.ಸೂ.: ಮೊನ್ನೆ ಸೌದೆ ವ್ಯಾಪಾರಿ ಬಂದು ಆ ಹಲಸಿನ ಮರ ಕೇಳಿದ. ಕೊಡಲಿಲ್ಲ. ಹೋದ ವರ್ಷ ಅದರ ಪಕ್ಕದ್ದನ್ನು ಕೊಟ್ಟಿದ್ದೆ. ಅದರಲ್ಲೂ ಪೊಟರೆ ಇತ್ತು. ಒಳಗೆ ಏನಿದೆಯೆಂದು ನಾನು ಇಣುಕಿ ನೋಡಿರಲಿಲ್ಲ.