ಹಿತ್ತಿಲ ಗೋಬರ್ ಗ್ಯಾಸ್ ಟ್ಯಾಂಕು: ಹೊಸ ಮಾಲೀಕರಿಗೊಂದು ಕೈಪಿಡಿ

ಅಭಿನಂದನೆಗಳು. ಮಲೆನಾಡಿನಲ್ಲಿ ಹೆಂಚಿನ ಮನೆ, ನೀರಿರುವ ಬಾವಿ, ಖಾಲಿ ಕೊಟ್ಟಿಗೆ, ಅಂಗೈಯಗಲ ಅಡಿಕೆ ತೋಟ ಎಲ್ಲವೂ ಕ್ರಯಪತ್ರದಲ್ಲಿ ಬರೆದಂತೆ ನಿಮ್ಮ ಕೈಸೇರಿವೆ. ಬರೆಯದೇ ಇದ್ದ ಒಂದು ಆಸ್ತಿಯೂ ಸೇರಿದೆ. ಹಿತ್ತಿಲಲ್ಲಿ ದಾಸವಾಳ ನೆಟ್ಟ ದಿಬ್ಬವೊಂದಿದೆಯಲ್ಲ, ಅದರಡಿಯಲ್ಲಿ. ಮಾರಿದವರಿಗೆ ಫೋನು ಮಾಡಿದರೆ ಹೀಗೆನ್ನುತ್ತಾರೆ: “ಓ ಅದಾ? ಗೋಬರ್ ಗ್ಯಾಸು ಮಾರಾಯ್ರೆ. ಚಲೋ ಇದೆ. ಸ್ವಲ್ಪ ಸಗಣಿ ಹಾಕಿದ್ರೆ ಮುಗೀತು.” ಆ ಸ್ವಲ್ಪ ಎಂದರೆ ಎಷ್ಟು, ಮುಗಿಯುವುದು ಏನು ಎಂದು ತಿಳಿಸುವುದಷ್ಟೇ ಈ ಕೈಪಿಡಿಯ ಕೆಲಸ.

ನಿಮ್ಮದು ಯಾವ ಮಾದರಿ?

ಗುಂಡಿಯ ಮೇಲೆ ತುಕ್ಕು ಹಿಡಿದ ಕಬ್ಬಿಣದ ಡ್ರಮ್ಮು ಕವುಚಿಕೊಂಡಿದ್ದರೆ ಅದು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಮಾದರಿ. ಗ್ಯಾಸ್ ಕೂಡಿದಂತೆ ಡ್ರಮ್ಮು ಮೇಲೇಳುತ್ತದೆ, ಒಲೆ ಉರಿದಂತೆ ಕೆಳಗಿಳಿಯುತ್ತದೆ. ಮಧ್ಯಾಹ್ನದ ಅಡುಗೆಗೆ ಸಾಲುತ್ತದೋ ಇಲ್ಲವೋ ಎಂದು ಜಗುಲಿಯಿಂದಲೇ ಹೇಳಬಹುದು. ಡ್ರಮ್ಮು ಕಾಣದೆ ಬರೀ ದಿಬ್ಬ ಕಂಡರೆ ಅದು ಬಹುಶಃ 1984ರಲ್ಲಿ ಬಂದ ದೀನಬಂಧು. ಇಟ್ಟಿಗೆಯ ಗುಮ್ಮಟ, ಮೇಲೆ ಮಣ್ಣು. ಕಬ್ಬಿಣವಿಲ್ಲ, ತುಕ್ಕಿಲ್ಲ, ಖರ್ಚೂ ಕಡಿಮೆ. ಒಳಗೆ ಏನು ನಡೆದಿದೆ ಎಂದು ಹೊರಗಿನಿಂದ ಕಾಣುವುದಿಲ್ಲ ಎಂಬುದೊಂದೇ ಕೊರತೆ. ಮನೆ ಮಾರುವವರು ಇದನ್ನು ಕೊರತೆ ಎಂದು ಪರಿಗಣಿಸುವುದಿಲ್ಲ.

ಇಂಧನ

2 ಘನ ಮೀಟರಿನ ಸಾಧಾರಣ ಟ್ಯಾಂಕಿಗೆ ದಿನಕ್ಕೆ ಸುಮಾರು 50 ಕೆಜಿ ಹಸಿ ಸಗಣಿ ಬೇಕು, ಕಲಸಲು ಅಷ್ಟೇ ನೀರು. ನಡುಗಾತ್ರದ ದನ ದಿನಕ್ಕೆ ಹತ್ತು ಕೆಜಿ ಕೊಡುತ್ತದೆ ಎಂದಿಟ್ಟುಕೊಂಡರೆ ಐದು ದನವಾಯಿತು. ಮಲೆನಾಡು ಗಿಡ್ಡ ತಳಿಯ ದನವಾದರೆ ಲೆಕ್ಕ ಇನ್ನೂ ಬೆಳೆಯುತ್ತದೆ. ಆಳು ಗಿಡ್ಡ, ಸಗಣಿಯೂ ಗಿಡ್ಡ. ಹಗಲಿಡೀ ಬೆಟ್ಟದಲ್ಲಿ ಮೇಯುವುದರಿಂದ ಅದರಲ್ಲೂ ಅರ್ಧ ಬೆಟ್ಟಕ್ಕೇ ಸಂದಾಯ. ನಿಮಗೆ ಕೊಟ್ಟಿಗೆ ಸಿಕ್ಕಿದೆ, ದನ ಸಿಕ್ಕಿಲ್ಲ. ಹಿಂದಿನವರು ದನ ಮಾರಿದ ಮೇಲೆ ಗ್ಯಾಸು ನಿಂತಿತು, ಗ್ಯಾಸು ನಿಂತ ಮೇಲೆ ದಾಸವಾಳ ಬಂತು.

ಹಾಗೆಂದು ಟ್ಯಾಂಕನ್ನು ಹಳಿಯಬೇಡಿ. ಒಂದು ಘನ ಮೀಟರ್ ಗೋಬರ್ ಗ್ಯಾಸು ಸುಮಾರು 430 ಗ್ರಾಂ ಸಿಲಿಂಡರ್ ಗ್ಯಾಸಿಗೆ ಸಮ. ಸರಿಯಾಗಿ ನಡೆಯುವ 2 ಘನ ಮೀಟರಿನ ಟ್ಯಾಂಕು ತಿಂಗಳಿಗೆ 14.2 ಕೆಜಿಯ ಎರಡು ಸಿಲಿಂಡರಿಗೆ ತುಸು ಕಮ್ಮಿ ಕೊಟ್ಟೀತು. ಹೊರಬರುವ ಬಗ್ಗಡ ಅಡಿಕೆ ಬುಡಕ್ಕೆ ಒಳ್ಳೆಯ ಗೊಬ್ಬರ. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1987ರಲ್ಲಿ ಇದೇ ಗ್ಯಾಸಿನಿಂದ ಎಂಜಿನ್ ಓಡಿಸಿ ಮನೆಗಳಿಗೆ ದೀಪ, ಬೀದಿಗೆ ಕುಡಿಯುವ ನೀರು ಕೊಟ್ಟಿದ್ದರು. ಅಲ್ಲಿ ಸಗಣಿ ಕೊಡಲು ಊರಿಡೀ ದನವಿತ್ತು ಎಂಬುದನ್ನು ಮರೆಯಬಾರದು.

ಚಾಲನೆ

ಹಠ ಹಿಡಿದು ದನ ತಂದಿರಿ ಎಂದುಕೊಳ್ಳೋಣ. ಖಾಲಿ ಟ್ಯಾಂಕು ತುಂಬಲು ದಿನದ ಸಗಣಿ ಸಾಲದು. ವಾರಗಟ್ಟಲೆ ಕೂಡಿಡಬೇಕು, ನೆರೆಯವರನ್ನು ಕೇಳಬೇಕು. ನಡೆಯುತ್ತಿರುವ ಟ್ಯಾಂಕಿನಿಂದ ನಾಲ್ಕು ಬಕೆಟ್ ಬಗ್ಗಡ ತಂದು ಸೇರಿಸಿದರೆ ಹಾಲಿಗೆ ಹೆಪ್ಪು ಹಾಕಿದಂತೆ ಬೇಗ ಹಿಡಿಯುತ್ತದೆ. ಮೊದಲು ಬರುವ ಗ್ಯಾಸಿನಲ್ಲಿ ಇಂಗಾಲದ ಡೈ ಆಕ್ಸೈಡೇ ಹೆಚ್ಚು, ಅದು ಹೊತ್ತುವುದಿಲ್ಲ, ಹೊರಗೆ ಬಿಟ್ಟುಬಿಡಿ. ಬಂದಿದೆಯೋ ನೋಡೋಣ ಎಂದು ಪೈಪಿನ ಬಾಯಿಗೆ ಕಡ್ಡಿ ಗೀರುವವರು ಪ್ರತಿ ಊರಿನಲ್ಲೂ ಒಬ್ಬರಿರುತ್ತಾರೆ. ಅವರನ್ನು ಆ ದಿನ ಕಾಫಿಗೆ ಕರೆಯಬೇಡಿ. ಪರೀಕ್ಷೆ ಏನಿದ್ದರೂ ಒಲೆಯಲ್ಲೇ ಆಗಲಿ.

ಕೊಟ್ಟಿಗೆಯನ್ನು ಫಿನಾಯಿಲ್ ಹಾಕಿ ತೊಳೆದು ಆ ನೀರನ್ನು ಟ್ಯಾಂಕಿಗೆ ಬಿಟ್ಟರೆ ಒಳಗೆ ದುಡಿಯುವ ಸೂಕ್ಷ್ಮಜೀವಿಗಳು ಸಾಯುತ್ತವೆ. ಅವಕ್ಕೆ 35 ಡಿಗ್ರಿ ಬಿಸಿ ಹಿತ. ಮಾಗಿಯ ಚಳಿಯಲ್ಲಿ ಗ್ಯಾಸು ಇಳಿಯುವುದು ಸಹಜ, ನೆಂಟರು ಬರುವುದೂ ಆಗಲೇ.

ದೋಷ ಮತ್ತು ಪರಿಹಾರ

*ಉರಿ ಪುಕ್ಕಪುಕ್ಕ ಎನ್ನುತ್ತದೆ:* ಗ್ಯಾಸಿನ ಜೊತೆ ಬಂದ ತೇವ ಪೈಪಿನ ತಗ್ಗಿನಲ್ಲಿ ನೀರಾಗಿ ನಿಂತಿದೆ. ನೀರು ಇಳಿಸುವ ಕಾಕ್ ತಿರುಗಿಸಿ. ಅದು ಎಲ್ಲಿದೆ ಎಂದು ಬಲ್ಲವರು ಮನೆ ಮಾರಿ ಹೋಗಿದ್ದಾರೆ.

*ಸಿಲಿಂಡರ್ ಒಲೆಗೆ ಜೋಡಿಸಿದರೆ ಉರಿಯುವುದಿಲ್ಲ:* ಆ ಒಲೆಯ ಜೆಟ್‌ನ ತೂತು ಈ ಗ್ಯಾಸಿಗೆ ತೀರಾ ಸಣ್ಣದು. ಗೋಬರ್ ಗ್ಯಾಸಿಗೆಂದೇ ಮಾಡಿದ ಒಲೆ ಬೇಕು.

*ಸಗಣಿ ಹೋಗುತ್ತದೆ, ಗ್ಯಾಸು ಬರುವುದಿಲ್ಲ:* ದೀನಬಂಧುವಾದರೆ ರಾತ್ರಿ ವಾಲ್ವು ಮುಚ್ಚಿ ಮಲಗಿ. ಒಳಗೆ ಗ್ಯಾಸು ಕೂಡಿದ್ದರೆ ಅದರ ಒತ್ತಡಕ್ಕೆ ಬೆಳಿಗ್ಗೆ ಹೊರತೊಟ್ಟಿಯಲ್ಲಿ ಬಗ್ಗಡ ಏರಿರುತ್ತದೆ. ಏರದಿದ್ದರೆ ಗುಮ್ಮಟ ಬಿರಿದಿರಬಹುದು. ಪಕ್ಕದ ಹಲಸಿನ ಬೇರನ್ನು ವಿಚಾರಿಸಿ. ಪೈಪಿನ ಗಂಟುಗಳಿಗೆ ಸೋಪಿನ ನೀರು ಹಚ್ಚಿದರೆ ಸೋರುವಲ್ಲಿ ಗುಳ್ಳೆ ಏಳುತ್ತದೆ.

ಎಚ್ಚರಿಕೆ

ಇಲ್ಲಿಂದ ಮುಂದೆ ತಮಾಷೆ ಇಲ್ಲ. ಟ್ಯಾಂಕು ಎಷ್ಟೇ ವರ್ಷ ಹಾಳುಬಿದ್ದಿರಲಿ, ಒಳಗೆ ಇಳಿಯಬೇಡಿ, ಕೂಲಿಯವರನ್ನೂ ಇಳಿಸಬೇಡಿ. ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗು ಮರಗಟ್ಟಿ ವಾಸನೆಯೇ ತಿಳಿಯದಾಗುತ್ತದೆ. ವಾಸನೆ ಹೋಯಿತು, ಅಪಾಯವೂ ಹೋಯಿತು ಎಂದುಕೊಂಡವರು ಕುಸಿಯುತ್ತಾರೆ. ಇಂಥ ಗುಂಡಿಗಳಲ್ಲಿ ಬಿದ್ದವರನ್ನು ಎತ್ತಲು ಇಳಿದವರೂ ಸತ್ತಿದ್ದಾರೆ. ಯಾರಾದರೂ ಬಿದ್ದರೆ ಅಗ್ನಿಶಾಮಕ ದಳವನ್ನು ಕರೆಯಿರಿ. ಹೂಳು ತೆಗೆಸುವುದಿದ್ದರೆ ಮೇಲಿನಿಂದಲೇ ಪಂಪಿನಲ್ಲಿ ಎಳೆಸಿ, ಸುತ್ತಮುತ್ತ ಬೀಡಿ ಸೇದಲು ಬಿಡಬೇಡಿ.

ಐದು ದನ ಕಟ್ಟಿ, ದಿನಾ ಬೆಳಿಗ್ಗೆ ಸಗಣಿ ಕಲಸುವ ಮನಸ್ಸಿದ್ದರೆ ಟ್ಯಾಂಕನ್ನು ರಿಪೇರಿ ಮಾಡಿಸಿ. ಇಲ್ಲದಿದ್ದರೆ ಖಾಲಿ ಮಾಡಿಸಿ ಮಣ್ಣು ತುಂಬಿಸಿ. ಯಾವುದೆಂದು ತೀರ್ಮಾನಿಸಲು ಬೇಕಾದಷ್ಟು ದಿನ ತೆಗೆದುಕೊಳ್ಳಿ. ಆದರೆ ಸಗಣಿ ಹಾಕುವ ತೊಟ್ಟಿ, ಹೊರತೊಟ್ಟಿ ಎರಡರ ಬಾಯಿಗೂ ಮಕ್ಕಳು ಎತ್ತಲಾರದಂಥ ಚಪ್ಪಡಿಯನ್ನು ಇವತ್ತೇ ಹಾಕಿಸಿ.