ಓದಿದ್ರಾ? ಏನನ್ನಿಸ್ತು?

ನಿವೃತ್ತ ಇಂಗ್ಲಿಷ್ ಮೇಷ್ಟ್ರುಗಳಲ್ಲಿ ಎರಡು ಜಾತಿ. ಮದುವೆಯ ಕರೆಯೋಲೆಯಲ್ಲಿ ಸ್ಪೆಲಿಂಗ್ ತಪ್ಪು ಹುಡುಕುವವರು ಒಂದು. ಇವರಿಂದ ಅಪಾಯವಿಲ್ಲ; ತಪ್ಪು ಸಿಕ್ಕ ಕೂಡಲೇ ಖುಷಿಯಾಗಿ ಊಟಕ್ಕೆ ಕೂರುತ್ತಾರೆ. ಇನ್ನೊಂದು ಜಾತಿಯವರು ನಿಮ್ಮ ಕೈಗೆ ಜೆರಾಕ್ಸ್ ಮಾಡಿದ ಕತೆ ತುರುಕಿ, ಮೂರನೇ ದಿನಕ್ಕೆ ಸಾಲ ಕೊಟ್ಟವರ ಹಾಗೆ ವಸೂಲಿಗೆ ಬರುತ್ತಾರೆ: "ಓದಿದ್ರಾ? ಏನನ್ನಿಸ್ತು?" ನಮ್ಮ ಬಡಾವಣೆಗೆ ದಕ್ಕಿರುವುದು ಈ ಎರಡನೆಯವರು.

ತರಕಾರಿ ಅಂಗಡಿ, ಹಾಲಿನ ಬೂತು, ಸಾವಿನ ಮನೆ, ಮೇಷ್ಟ್ರಿಗೆ ಎಲ್ಲವೂ ಒಂದೇ. ಹೋದ ತಿಂಗಳು ಬದನೆಕಾಯಿ ಆರಿಸುತ್ತಿದ್ದೆ, ಹೆಗಲ ಮೇಲೆ ಕೈ ಬಿತ್ತು. "ಡೆಲ್ಲಾ ಮಾಡಿದ್ದು ಸರೀನೇನ್ರೀ?" ಅಂಗಡಿಯಾಕೆ ಯಾರದೋ ಸೊಸೆಯ ವಿಷಯವೆಂದು ತಕ್ಕಡಿ ನಿಲ್ಲಿಸಿ ಕಿವಿಗೊಟ್ಟಳು. ಡೆಲ್ಲಾ ಓ. ಹೆನ್ರಿಯ ಕತೆಯ ಹೆಂಡತಿ. ಗಂಡನ ಗಡಿಯಾರಕ್ಕೆ ಚೈನು ಕೊಳ್ಳಲು ತಲೆಕೂದಲು ಮಾರುತ್ತಾಳೆ. ಆ ಕೂದಲಿಗೆ ಬಾಚಣಿಗೆ ತರಲು ಗಂಡ ಗಡಿಯಾರವನ್ನೇ ಮಾರಿರುತ್ತಾನೆ. "ಗುಡ್ ಸ್ಟೋರಿ ಸಾರ್" ಎಂದೆ. "ಅದು ಎಲ್ರೂ ಅಂತಾರೆ. ನಿಮಗೇನನ್ನಿಸ್ತು?" ಕಚೇರಿಯಲ್ಲಿ ಸರ್ವೀಸಿನುದ್ದಕ್ಕೂ ಇಂಗ್ಲಿಷ್ ಟಿಪ್ಪಣಿ ಬರೆದವನು ನಾನು. ನನಗೇನನ್ನಿಸಿತು ಎಂದು ಯಾವ ಕಡತವೂ ಕೇಳಿರಲಿಲ್ಲ.

ಇಂಥ ಕತೆ ಓದಿಬಂದು ಇಂಗ್ಲಿಷಿನಲ್ಲೇ ಮಾತಾಡುವ ಮೇಷ್ಟ್ರ ಭಾನುವಾರದ ಕೂಟ ಮೊದಲು ಗ್ರಂಥಾಲಯದಲ್ಲಿತ್ತು. "ನಿಶ್ಶಬ್ದ" ಎಂಬ ಫಲಕದ ಕೆಳಗೇ ಕುಳಿತು ವಾದ ಎಬ್ಬಿಸಿದ್ದರಿಂದ ರಾಮಮಂದಿರದ ಜಗಲಿಗೆ ವರ್ಗವಾಯಿತು. ಬರುವವರು ಇಂಟರ್‌ವ್ಯೂಗೆ ಹೆದರಿದ ಡಿಗ್ರಿ ಹುಡುಗರು, ಒಬ್ಬ ಆಟೋದವನು, ಬಟ್ಟೆ ಹೊಲಿಯುವ ಒಬ್ಬ ಹುಡುಗಿ. ಡಿಕ್ಷನರಿ ಮುಟ್ಟುವಂತಿಲ್ಲ; ಗೊತ್ತಿಲ್ಲದ ಪದ ದಾಟಿಕೊಂಡು ಹೋಗಬೇಕು. ಯಾರಾದರೂ ಗ್ರಾಮರ್ ಎಂದರೆ ಮೇಷ್ಟ್ರ ಮೈಮೇಲೆ ಮೈಕೇಲ್ ವೆಸ್ಟ್ ಬರುತ್ತಾನೆ. 1920ರ ದಶಕದಲ್ಲಿ ಢಾಕಾದಲ್ಲಿದ್ದ ಈತ, ಮಕ್ಕಳು ಮೊದಲು ಓದಲು ಕಲಿಯಲಿ ಎಂದು ಸರಳ ಪದಗಳ ರೀಡರ್‌ಗಳನ್ನು ಬರೆದವನು. ಅವನ 1953ರ ಬಳಕೆಯ ಪದಗಳ ಪಟ್ಟಿಯಲ್ಲಿರುವುದು ಸುಮಾರು 2000 ಪದ. "ಜಗಳ ಆಡೋಕೆ ಅಷ್ಟು ಧಾರಾಳ" ಎನ್ನುತ್ತಾರೆ ಮೇಷ್ಟ್ರು.

ಡೆಲ್ಲಾಳ ಸರದಿ ಬಂದ ಭಾನುವಾರ ಡಿಗ್ರಿ ಹುಡುಗರು ಗೈಡಿನಲ್ಲಿದ್ದ ಪ್ರೇಮ, ತ್ಯಾಗ ಎಲ್ಲವನ್ನೂ ಒಪ್ಪಿಸಿದರು. ಮೇಷ್ಟ್ರು ಆಕಳಿಸಿದರು. ಹೊಲಿಗೆಯ ಹುಡುಗಿ ದುಪಟ್ಟಾದ ತುದಿ ಬೆರಳಿಗೆ ಸುತ್ತುತ್ತ ಎದ್ದಳು. "ಸಾರ್, ಹೇರ್ ವಿಲ್ ಗ್ರೋ. ವಾಚ್ ನಾಟ್ ಗ್ರೋ. ಹಸ್ಬೆಂಡ್ ಲಾಸ್." ಆಟೋದವನಿಗೆ ರೋಷ ಬಂತು. "ನೋ ಸಿಸ್ಟರ್! ವಾಚ್ ಫಾದರ್ ಗಿವ್, ಫ್ರೀ! ಹೇರ್ ಹರ್ ಓನ್!" ಕಾಲು ಗಂಟೆ ಜಗಳ ನಡೆಯಿತು, ಪೂರ್ತಿ ಇಂಗ್ಲಿಷಿನಲ್ಲೇ. ಎಷ್ಟೋ ಕ್ರಿಯಾಪದಗಳ ಕೈಕಾಲು ಮುರಿದವು. ಮೇಷ್ಟ್ರು ಒಂದಕ್ಕೂ ಪಟ್ಟಿ ಕಟ್ಟಲಿಲ್ಲ. ಕೆಲಸದಲ್ಲಿದ್ದಷ್ಟು ಕಾಲ ಉತ್ತರ ಗೊತ್ತಿರುವ ಪ್ರಶ್ನೆಗಳನ್ನೇ ಕೇಳಿಕೊಂಡು ಬಂದವರು. ಗೊತ್ತಿಲ್ಲದ್ದನ್ನು ಕೇಳುವ ಸುಖ ಪಾಪ ಅವರಿಗೆ ದಕ್ಕಿದ್ದು ಪಿಂಚಣಿ ಶುರುವಾದ ಮೇಲೆ.

ಬರುವ ಭಾನುವಾರ ಮೊಪಾಸಾನ 'ದ ನೆಕ್ಲೇಸ್'. ಗೆಳತಿಯಿಂದ ಎರವಲು ತಂದ ಸರ ಕಳೆದುಕೊಂಡ ಕತೆಯ ಹೆಂಗಸು, ಸಾಲ ಮಾಡಿ ಹೊಸ ಸರ ತರುವ ಮುಂಚೆ ಆ ಗೆಳತಿಯನ್ನು ಒಂದು ಮಾತು ಕೇಳಬಾರದಿತ್ತೇ ಎಂದು ನನ್ನ ತಕರಾರು. ಇಂಗ್ಲಿಷಿನಲ್ಲಿ ವಾಕ್ಯ ಕೂಡಿಸುತ್ತಿದ್ದೇನೆ. ನೀವೂ ಬನ್ನಿ. ಓದದೆ ಮಾತ್ರ ಬರಬೇಡಿ.