ಹ್ಯಾಂಡಿಕ್ಯಾಪ್ ಇಂಟು ನೂರು

ಗಾಲ್ಫಿನವರು ಲೆಕ್ಕದ ಜನ. ಕುಳಿಯ ಅಗಲ 108 ಮಿಲಿಮೀಟರ್. ಚೆಂಡು 45.93 ಗ್ರಾಂ ದಾಟುವ ಹಾಗಿಲ್ಲ. ಚೀಲದಲ್ಲಿ ಹದಿನೈದನೇ ಕೋಲು ಸಿಕ್ಕರೆ ದಂಡ. 1744ರಲ್ಲಿ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಕೂತು ಮೊದಲ ಹದಿಮೂರು ನಿಯಮ ಬರೆದ ಮಹನೀಯರು, ಚೆಂಡಿಗೆ ಕುದುರೆಯೋ ನಾಯಿಯೋ ಅಡ್ಡ ಬಂದರೆ ಏನು ಮಾಡಬೇಕೆಂದೂ ಯೋಚಿಸಿದ್ದರು. ಅಂಗಿಗೆ ಎಷ್ಟು ದುಡ್ಡು ಸುರಿಯಬೇಕೆಂದು ಮಾತ್ರ ಯೋಚಿಸಲಿಲ್ಲ. ಆ ಒಂದು ನಿಯಮ ಇಲ್ಲದ್ದಕ್ಕೆ ಬೆಂಗಳೂರಿನ ಸದಾಶಿವನಗರದಿಂದ ವೈಟ್‌ಫೀಲ್ಡ್‌ವರೆಗೆ ಎಷ್ಟೋ ಮನೆಗಳಲ್ಲಿ ಕ್ರೆಡಿಟ್ ಕಾರ್ಡ್ ಬಿಲ್ ಬಂದ ರಾತ್ರಿ ಸಾರು ತಣ್ಣಗಾಗುತ್ತಿದೆ. ಹದಿನಾಲ್ಕನೆಯ ನಿಯಮವನ್ನು ನಾನೇ ಬರೆದುಕೊಡುತ್ತೇನೆ: ನಿಮ್ಮ ಹ್ಯಾಂಡಿಕ್ಯಾಪ್ ಇಂಟು ನೂರು. ಬಂದ ಉತ್ತರವೇ ನಿಮ್ಮ ಅಂಗಿಯ ಬೆಲೆ, ರೂಪಾಯಿಯಲ್ಲಿ.

ಈ ಆಟದ ಗಾಳಿ ಸೋಕದ ಪುಣ್ಯವಂತರಿಗೆ ಒಂದು ಮಾತು. ಹದಿನೆಂಟು ಕುಳಿಗಳನ್ನು ಸಾಮಾನ್ಯವಾಗಿ 72 ಹೊಡೆತಕ್ಕೆ ಮುಗಿಸಬೇಕು. ನೀವು 90 ತೆಗೆದುಕೊಳ್ಳುವವರಾದರೆ ಹ್ಯಾಂಡಿಕ್ಯಾಪ್ ಹೆಚ್ಚುಕಮ್ಮಿ 18. ಕಮ್ಮಿಯಿದ್ದಷ್ಟೂ ಒಳ್ಳೆಯ ಆಟಗಾರ. 2020ರಲ್ಲಿ ಜಗತ್ತಿಗೆಲ್ಲ ಒಂದೇ ಪದ್ಧತಿ ತಂದಾಗ ಗರಿಷ್ಠ ಮಿತಿಯನ್ನು 54ಕ್ಕೆ ಇಟ್ಟರು. ಅಂದರೆ ಕುಳಿಗೆ ಮೂರು ಹೊಡೆತ ಮಾಫಿ. ಇಷ್ಟು ಉದಾರವಾದ ಸಾಲಮನ್ನಾ ಯಾವ ರೈತನಿಗೂ ಸಿಕ್ಕಿಲ್ಲ.

ಸೂತ್ರವನ್ನು ನಾನು ಗಾಳಿಯಲ್ಲಿ ಹಿಡಿದದ್ದಲ್ಲ, ಮೇಲಿನವರನ್ನು ನೋಡಿ ಕಲಿತದ್ದು. ಸೊನ್ನೆ ಇಂಟು ನೂರು ಸೊನ್ನೆ. ಸೊನ್ನೆಗಿಂತಲೂ ಚೆನ್ನಾಗಿ ಆಡುವವರಿಗೆ ಲೆಕ್ಕ ಉಲ್ಟಾ ಹೊಡೆಯುತ್ತದೆ, ಅಂಗಿಯೇ ಅವರಿಗೆ ದುಡ್ಡು ಕೊಡುತ್ತದೆ. ಟೈಗರ್ ವುಡ್ಸ್ 1996ರಿಂದ ನೈಕಿ ಅಂಗಿ ತೊಟ್ಟರು. 2024ರ ಜನವರಿಯಲ್ಲಿ ನಂಟು ಕಡಿದುಕೊಳ್ಳುವ ಹೊತ್ತಿಗೆ 27 ವರ್ಷ. ಒಂದಕ್ಕೂ ಬಿಲ್ ಬರಲಿಲ್ಲ, ತೊಟ್ಟದ್ದಕ್ಕೆ ಚೆಕ್ ಬಂತು. ಆಮೇಲಾದರೂ ಸುಮ್ಮನಿದ್ದರೇ? ಭಾನುವಾರ ಕೆಂಪಂಗಿ ಹಾಕುವ ತಮ್ಮ ಅಭ್ಯಾಸವನ್ನೇ ಅಂಗಡಿ ಮಾಡಿ 'ಸನ್ ಡೇ ರೆಡ್' ಎಂದು ಬೋರ್ಡು ಏರಿಸಿದರು. ಅಲ್ಲಿ ಒಂದು ಕಾಲರ್ ಅಂಗಿ ನೂರು ಡಾಲರ್ ದಾಟುತ್ತದೆ. ಅದನ್ನು ಕೊಳ್ಳುವವರಲ್ಲಿ ಹದಿನೈದು ಮೇಜರ್ ಟೂರ್ನಮೆಂಟ್ ಗೆದ್ದವರು ಒಬ್ಬರೂ ಇರಲಾರರು. ಗಂಡಸರಲ್ಲಿ ಅಷ್ಟು ಗೆದ್ದವರು ಜಗತ್ತಿನಲ್ಲಿ ಇಬ್ಬರೇ. ಒಬ್ಬರು ಈ ಅಂಗಡಿಯವರು. ಇನ್ನೊಬ್ಬರು ಜಾಕ್ ನಿಕ್ಲಾಸ್, ಅವರ ಹೆಸರಿನಲ್ಲೂ ಅಂಗಿ ಮಾರಾಟಕ್ಕಿದೆ.

ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಅವರನ್ನೇ ನೋಡಿ. 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್, ಕೋಲಿನ ಚೀಲ ಹೊತ್ತ ಕ್ಯಾಡಿ ಅಮ್ಮನೇ, ಪದಕ ತಪ್ಪಿದ್ದು ಒಂದೇ ಒಂದು ಹೊಡೆತದಲ್ಲಿ. ಅವತ್ತು ಬೆಳಗಿನ ಜಾವ ಎದ್ದು ಟಿವಿ ಮುಂದೆ ಕೂತ ಜನ ಬರ್ಡಿ ಅಂದರೇನು, ಪಟ್ ಅಂದರೇನು ಎಂದು ಪಕ್ಕದವರನ್ನು ಕೇಳಿ ತಿಳಿದುಕೊಂಡರು. ಅಂಗಿ ಯಾವ ಬ್ರಾಂಡು ಎಂದು ಕೇಳಿದವರನ್ನು ನಾನು ಕಾಣೆ. ಆಟ ನೋಡುವಂತಿದ್ದರೆ ಅಂಗಿ ಕಣ್ಣಿಗೆ ಬೀಳುವುದಿಲ್ಲ.

ಹತ್ತು ಹದಿನೈದರ ಹ್ಯಾಂಡಿಕ್ಯಾಪಿನವರು ಸೂತ್ರದ ಪ್ರಕಾರ ಸಾವಿರ, ಸಾವಿರದೈನೂರು ಖರ್ಚು ಮಾಡಬಹುದು. ಮಾಡುವುದಿಲ್ಲ. ಬ್ಯಾಂಕಿನವರು, ಕಾರಿನವರು, ಬಿಲ್ಡರುಗಳು ನಡೆಸುವ ಟೂರ್ನಮೆಂಟುಗಳಲ್ಲಿ ಹೆಸರು ಬರೆಸಿದರೆ ಟೋಪಿ, ಚೆಂಡು, ಅಂಗಿ ತುಂಬಿದ ಚೀಲವೊಂದು ಕೈಗೆ ಬರುತ್ತದೆ. ಇಂಥವರ ಬೀರು ತೆರೆದರೆ ಜಾಹೀರಾತಿನ ಪುಟ ತೆರೆದ ಹಾಗೆ. ಕ್ಲಬ್ಬಿನಲ್ಲಿ ಯಾರ ಜೊತೆ ಬೆಟ್ ಕಟ್ಟಬಾರದು ಎಂದು ತಿಳಿಯಬೇಕೇ? ಬಣ್ಣ ಹೋದ ಅಂಗಿಯ ಮೇಲೆ ಯಾವತ್ತೋ ಮುಚ್ಚಿದ ಕಂಪನಿಯ ಲೋಗೋ ಇರುವವನ ಜೊತೆ.

ಬೆಲೆ ಏರುವುದು ಇಲ್ಲಿಂದ ಕೆಳಗೆ. ಹ್ಯಾಂಡಿಕ್ಯಾಪಿನಲ್ಲಿ ಮೂವತ್ತಾರು ದಾಟಿದವರು ಅಂಗಡಿಗೆ ಬಂದರೆ ಹುಡುಗ ಸೊಂಟದ ಅಳತೆ ಕೇಳುವುದಿಲ್ಲ, ನೇರ ವಿಜ್ಞಾನಕ್ಕೆ ಇಳಿಯುತ್ತಾನೆ. "ಸಾರ್, ಇದು ಬೆವರನ್ನ ಹೊರಗೆ ಎಳೆದು ಒಣಗಿಸತ್ತೆ. ನಾಲ್ಕೂ ಕಡೆ ಸ್ಟ್ರೆಚ್. ಯುಪಿಎಫ್ ಐವತ್ತು, ಬಿಸಿಲು ಒಳಗೇ ಬರಲ್ಲ. ಸ್ವಿಂಗ್ ಫ್ರೀ ಆಗತ್ತೆ ಸಾರ್." ಸಾರ್ ಆಡುವುದು ಬೆಳಗಿನ ಆರೂವರೆಗೆ. ಡಿಸೆಂಬರಿನಲ್ಲಿ ಆ ಹೊತ್ತಿಗೆ ಬೆಂಗಳೂರಿನಲ್ಲಿ ಅಂಗಿಯ ಮೇಲೆ ಸ್ವೆಟರ್ ಬೇಕು. ಹೊಡೆತಕ್ಕೂ ಹೊಡೆತಕ್ಕೂ ನಡುವೆ ಸಾರ್ ಬಗ್ಗಿ ಗಾಡಿಯಲ್ಲಿ ಕೂತಿರುತ್ತಾರೆ. ಪೊದೆಯಲ್ಲಿ ಚೆಂಡು ಹುಡುಕುತ್ತಾ ಬೆವರುವವನು ಕ್ಯಾಡಿ, ಅವನ ಮೈಮೇಲಿರುವುದು ಸಮವಸ್ತ್ರದ ದಪ್ಪ ಬಟ್ಟೆ. ಬೆವರು ಒಣಗಿಸುವ ಅಂಗಿ ಬೆವರದವನಿಗೆ, ಬೆವರುವುದು ಅದಿಲ್ಲದವನಿಗೆ. ಆ ಕ್ಯಾಡಿ ಸಾರ್‌ಗಿಂತ ಇಪ್ಪತ್ತು ಹೊಡೆತ ಕಮ್ಮಿಯಲ್ಲಿ ಆಟ ಮುಗಿಸಬಲ್ಲ ಎಂಬುದು ಇಬ್ಬರಿಗೂ ಗೊತ್ತು, ಇಬ್ಬರೂ ಆಡಿ ತೋರಿಸುವುದಿಲ್ಲ.

ನನ್ನ ಸೂತ್ರಕ್ಕೆ ಸರ್ಕಾರದ ಒಪ್ಪಿಗೆಯೂ ಇದೆ, ಅವರಿಗೇ ಗೊತ್ತಿಲ್ಲದೆ. 2025ರ ಸೆಪ್ಟೆಂಬರ್ 22ರಿಂದ 2500 ರೂಪಾಯಿವರೆಗಿನ ಉಡುಪಿಗೆ ಜಿಎಸ್‌ಟಿ ಶೇ 5, ಅದನ್ನು ಮೀರಿದ್ದಕ್ಕೆ ಶೇ 18. ಸೂತ್ರಕ್ಕೆ ಹಾಕಿ ನೋಡಿ. ಹ್ಯಾಂಡಿಕ್ಯಾಪ್ 25 ಇರುವವನು 125 ರೂಪಾಯಿ ತೆರಿಗೆ ಕಟ್ಟಿ ಪಾರಾಗುತ್ತಾನೆ. 54ರವನು 5400ರ ಅಂಗಿಗೆ 972 ರೂಪಾಯಿ ಕಟ್ಟಬೇಕು. ಕೆಟ್ಟ ಆಟಕ್ಕೆ ಇಷ್ಟು ನ್ಯಾಯಯುತವಾದ ತೆರಿಗೆಯನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ಇದನ್ನೇ ಕ್ರಿಕೆಟ್‌ಗೂ, ಆಮೇಲೆ ಭಾಷಣಗಳಿಗೂ ವಿಸ್ತರಿಸಿದರೆ ಖಜಾನೆ ತುಂಬೀತು.

ಹಾಗಾದರೆ ಕ್ಲಬ್ಬು ನಿಜಕ್ಕೂ ಕೇಳುವುದು ಏನನ್ನು? ಕಾಲರ್. ಅಷ್ಟೇ. ಅಂಗಿಯನ್ನು ಪ್ಯಾಂಟಿನೊಳಗೆ ಸಿಕ್ಕಿಸಿಕೊಂಡರೆ ಮುಗಿಯಿತು. ಹೈಗ್ರೌಂಡ್ಸ್‌ನ ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದ 1876ರ ಕಾಲದ ದೊರೆಗಳು ಕೋಟು ತೊಟ್ಟೇ ಆಡುತ್ತಿದ್ದವರು. ಈಗಿನ ಅಂಗಿಯ ಮೂಲಪುರುಷ ಗಾಲ್ಫಿನವನೇ ಅಲ್ಲ, ಟೆನಿಸ್‌ನ ರೆನೆ ಲಕೋಸ್ಟ್. ಗಂಜಿ ಹಾಕಿದ ಉದ್ದ ತೋಳಿನ ಅಂಗಿ ಕಾಟ ಕೊಡುತ್ತದೆಂದು 1926ರ ಅಮೆರಿಕನ್ ಚಾಂಪಿಯನ್‌ಷಿಪ್‌ನಲ್ಲಿ ಅರ್ಧ ತೋಳಿನ ಹೆಣಿಗೆ ಬಟ್ಟೆ ತೊಟ್ಟು ಇಳಿದ, ಗೆದ್ದ. 1933ರಲ್ಲಿ ಎದೆಗೊಂದು ಮೊಸಳೆ ಅಂಟಿಸಿ ಮಾರತೊಡಗಿದ. ಆಟಗಾರನ ಮೈಗೆ ಹಾಯೆನಿಸಲು ಹುಟ್ಟಿದ ಬಟ್ಟೆ ಅಲ್ಲಿಂದ ಎದೆಯ ಮೇಲಿನ ಪ್ರಾಣಿಗೆ ಬೆಲೆ ಕಟ್ಟುವ ಬಟ್ಟೆಯಾಯಿತು. ಕಾಲರಿನ ವಿಷಯದಲ್ಲೂ ಮೇಲಿನವರಿಗೆ ವಿನಾಯಿತಿ ಉಂಟು. 2019ರ ಮಾಸ್ಟರ್ಸ್ ಟೂರ್ನಮೆಂಟನ್ನು ಟೈಗರ್ ಗೆದ್ದದ್ದು ಮಡಿಕೆ ಕಾಲರಿಲ್ಲದ, ಬರೀ ಕೊರಳಪಟ್ಟಿಯ ಕೆಂಪಂಗಿಯಲ್ಲಿ. ಕೆಳಗಿನವರಿಗೆ ಕಾಲರಿದ್ದರೂ ಸಾಲದು: 2024ರ ಜುಲೈನಲ್ಲಿ ಬೆಂಗಳೂರಿನ ಮಾಲೊಂದು ಹಾವೇರಿ ಕಡೆಯ ಹಿರಿಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂದು ಬಾಗಿಲಲ್ಲೇ ತಡೆಯಿತು. ಆಮೇಲೆ ಮಾಲಿಗೇ ಏಳು ದಿನ ಬಾಗಿಲು ಹಾಕಿಸುವುದಾಗಿ ಸರ್ಕಾರ ಹೇಳಿತು.

ಕಾಲರ್ ಒಂದೇ ಬೇಕೆಂದರೆ ಅದು ಸಿಗುವ ಜಾಗ ಬೇರೆ. ತಿರುಪ್ಪೂರಿನಲ್ಲಿ ಹೆಣೆದು ಹೊಲಿದು ಹಡಗು ಹತ್ತಬೇಕಾದ ಅಂಗಿಗಳಲ್ಲಿ ಮಿಕ್ಕವು, ಒಂದು ಹೊಲಿಗೆ ತಪ್ಪಿದವು, ಬೆಂಗಳೂರಿನ ಎಕ್ಸ್‌ಪೋರ್ಟ್ ಸರ್‌ಪ್ಲಸ್ ಅಂಗಡಿಗಳಿಗೆ ಬಂದು ಬೀಳುತ್ತವೆ. ಕತ್ತಿನ ಲೇಬಲ್ಲನ್ನು ಕತ್ತರಿಸಿರುತ್ತಾರೆ. ಲೇಬಲ್ ಹೋದ ಕ್ಷಣದಲ್ಲಿ ಸಾವಿರಗಳು ಹೋಗಿ ನೂರುಗಳು ಉಳಿಯುತ್ತವೆ. ಬಟ್ಟೆ ಅದೇ, ಗುಂಡಿ ಅದೇ. ಅಲ್ಲೂ ನಮ್ಮವರು "ಮುನ್ನೂರಕ್ಕೆ ಕೊಡಪ್ಪ, ಎರಡು ತಗೋತೀನಿ" ಎಂದು ಚೌಕಾಸಿ ಮಾಡುತ್ತಾರೆ. ಹಾಗೆ ಚೌಕಾಸಿ ಮಾಡುವವರ ಹ್ಯಾಂಡಿಕ್ಯಾಪನ್ನು ನೀವು ಕಣ್ಣುಮುಚ್ಚಿ ಹತ್ತರ ಒಳಗೆ ಎಂದುಕೊಳ್ಳಬಹುದು.

ಗಾಲ್ಫ್ ಆಡದೆಯೇ ಗಾಲ್ಫ್ ಅಂಗಿ ತೊಡುವವರಿಗೆ ಸೂತ್ರ ಅನ್ವಯಿಸುವುದಿಲ್ಲ, ಅವರ ಹ್ಯಾಂಡಿಕ್ಯಾಪನ್ನು ಯಾರೂ ಅಳೆದಿಲ್ಲ. ಶುಕ್ರವಾರದ ಆಫೀಸಿಗೆ, ಸೈಟು ತೋರಿಸುವುದಕ್ಕೆ, ನಂದಿಬೆಟ್ಟದ ಕಡೆ 'ಗಾಲ್ಫ್ ವ್ಯೂ' ವಿಲ್ಲಾ ಬುಕ್ ಮಾಡುವುದಕ್ಕೆ ಹೋಗುವವರು ಎಷ್ಟು ಬೇಕಾದರೂ ಕೊಡಲಿ. ಅವರ ಆಟ ಬೇರೆ, ಅದರಲ್ಲಿ ಅವರು ಸೊನ್ನೆಗಿಂತಲೂ ಚೆನ್ನಾಗಿ ಆಡುತ್ತಾರೆ.

ಕೊಳ್ಳುವ ಮೊದಲು ಮನೆಯಲ್ಲಿ ಒಮ್ಮೆ ವಿಚಾರಿಸುವುದು ಒಳ್ಳೆಯದು, ಯಾಕೆಂದರೆ ಅಂಗಿಯ ಕೊನೆಯ ಮೌಲ್ಯಮಾಪನ ಆಗುವುದು ಅಲ್ಲೇ. ಟೂರ್ನಮೆಂಟಿನಲ್ಲಿ ಬಿಟ್ಟಿ ಸಿಕ್ಕ ಹತ್ತಿಯದ್ದು ನಾಲ್ಕು ವರ್ಷ ಮೈಮೇಲಿದ್ದು, ಆಮೇಲೆ ನೆಲ ಒರೆಸುವ ಬಟ್ಟೆಯಾಗಿ ಇನ್ನೆರಡು ವರ್ಷ ಬಾಳುತ್ತದೆ. 5400ರ ಪಾಲಿಯೆಸ್ಟರು ಅದಕ್ಕೂ ಬಾರದು. ಮಸಿಬಟ್ಟೆ ಮಾಡೋಣವೆಂದರೆ ಬಿಸಿ ಬಾಣಲೆಗೆ ಕರಗಿ ಅಂಟಿಕೊಳ್ಳುತ್ತದೆ. ಕೆಲಸಕ್ಕೆ ಬರುವಾಕೆ ಅದನ್ನು ಬಕೆಟ್ಟಿಗೆ ಅದ್ದಿ, ಹಿಂಡಿ, ನೆಲದ ಮೇಲೆ ಒಂದು ಸಲ ಎಳೆದು ನೋಡಿ ವಾಪಸು ಕೊಟ್ಟಳು: "ಅಕ್ಕ, ಇದು ನೀರೇ ಹೀರಲ್ಲ. ಅಣ್ಣಂದು ಆ ಬ್ಯಾಂಕಿನ ಹಳೇ ಅಂಗಿ ಇದ್ರೆ ಕೊಡಿ."